ಆ ಹೆಸರಿನವರು ಇಲ್ಲಿ ಯಾರೂ ಇಲ್ಲ

ಕಿಟಕಿಯ ಕಡೆ ಎಂದು ಅಸುಸೆನಾ ಹೇಳಿದಳು. ಪಕ್ಕದ ಕೋಣೆಯಲ್ಲಿ ಕೂತಿದ್ದ ಅವಳ ಗಂಡ ಎಲಾದಿಯೋ ಕೂಡ ಕಿಟಕಿಯ ಕಡೆ ಎಂದೇ ಹೇಳಿದ. ವಲಸೆ ಕಚೇರಿಯವರು ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಮಂಚದ ಯಾವ ಮಗ್ಗುಲಲ್ಲಿ ನೀವು ಮಲಗುವುದು ಎಂದು ಕೇಳಿದ್ದರು. ಗಂಡನೂ ಹೆಂಡತಿಯೂ ಒಂದೇ ಮಗ್ಗುಲಲ್ಲಿ ಮಲಗುವುದು ಹೇಗೆ ಸಾಧ್ಯ ಸ್ವಾಮಿ? ಬೆರ್ಮೂದೆಸ್ ಎಂಬ ಆ ಅಧಿಕಾರಿ ಹುಬ್ಬು ಗಂಟಿಕ್ಕಲಿಲ್ಲ, ದನಿ ಏರಿಸಲಿಲ್ಲ, ತಲೆ ತಗ್ಗಿಸಿ ಏನೋ ಬರೆದುಕೊಂಡ. ಬೈದಿದ್ದರೆ ಅಸುಸೆನಾಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸುಮ್ಮನೆ ಬರೆದುಕೊಳ್ಳುವವರನ್ನು ಕಂಡರೆ ಅವಳಿಗೆ ಹೆಚ್ಚು ಭಯ.

"ಒಂದಿನ ನಿಮ್ಮ ಮನೆ ಹತ್ರ ಬರ್ತೀವಿ. ಯಾವಾಗ ಅಂತ ಹೇಳಲ್ಲ," ಎಂದು ಹೇಳಿ ಅವನು ಕಳಿಸಿಕೊಟ್ಟ.

ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಅವಳು ಗಂಡನ ಮೇಲೆ ಹರಿಹಾಯ್ದಳು.

"ನೀನ್ಯಾಕೆ ಕಿಟಕಿ ಕಡೆ ಅಂದೆ?"

"ನಾನು ಮಲಗೋದು ಅಲ್ಲೇ ತಾನೆ?"

"ನಾನು ಮಲಗೋದೂ ಅಲ್ಲೇ."

"ಹಂಗಾದ್ರೆ ಇಬ್ರೂ ನಿಜಾನೇ ಹೇಳಿದೀವಿ ಬಿಡು ಮುದುಕಿ."

"ನಿಜ ಹೇಳಿ ಸಿಕ್ಕಿಹಾಕ್ಕೊಂಡಿರೋ ಗಂಡ ಹೆಂಡ್ತಿ ಈ ದೇಶದಲ್ಲಿ ನಾವಿಬ್ರೇ ಇರಬೇಕು, ಮುದುಕಾ."

ಎಲಾದಿಯೋ ಆಗಲೇ ತೂಕಡಿಸುತ್ತಿದ್ದ. ಪಾಪ, ಅದು ಅವನು ಮಲಗುವ ಹೊತ್ತು. ಅವನು ಬೇಕರಿಯಲ್ಲಿ ಹಿಟ್ಟು ನಾದುವವನು. ರಾತ್ರಿ ಊಟ ಮುಗಿಸಿ ಮನೆಯಿರುವ ಗುಡ್ಡ ಇಳಿದರೆ ಬೆಳಕು ಹರಿಯುವ ಹೊತ್ತಿಗೆ ಬಿಸಿ ಬ್ರೆಡ್ಡಿನ ಚೀಲ ಹಿಡಿದು ಹತ್ತುತ್ತಾನೆ. ಅಷ್ಟರಲ್ಲಿ ಅಸುಸೆನಾ ಎದ್ದು ಒಲೆ ಹಚ್ಚಿರುತ್ತಾಳೆ. ಅವಳು ಎದ್ದ ಜಾಗದಲ್ಲೇ ಅವನು ಮಲಗುತ್ತಾನೆ, ಅವನು ಎದ್ದ ಜಾಗದಲ್ಲೇ ರಾತ್ರಿ ಅವಳು ಮಲಗುತ್ತಾಳೆ. ಒಂಬತ್ತು ವರ್ಷದಿಂದ ಹೀಗೇ ನಡೆದಿದೆ. ಭಾನುವಾರ ರಜೆಯಿದ್ದರೂ ಅವನಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ, ಅಡುಗೆಮನೆಯಲ್ಲಿ ಕೂತು ಸಣ್ಣಗೆ ರೇಡಿಯೋ ಕೇಳುತ್ತಾನೆ. ಮಂಚದ ಇನ್ನೊಂದು ಮಗ್ಗುಲು ಯಾರಿಗೂ ಬೇಕಾಗಿರಲಿಲ್ಲ. ಇಷ್ಟನ್ನೂ ಅಧಿಕಾರಿಗೆ ಬಿಡಿಸಿ ಹೇಳಬೇಕಿತ್ತು. ಆದರೆ ಕಚೇರಿಯ ಕುರ್ಚಿಯಲ್ಲಿ ಕೂತರೆ ಅವಳ ಬಾಯಿಗೆ ಬೀಗ ಬೀಳುತ್ತದೆ, ಏನು ಮಾಡುವುದು.

ಅವಳ ಭಯ ಸಣ್ಣದಲ್ಲ. ಅಸುಸೆನಾ ನಿಕರಾಗುವಾದ ಚಿನಾಂದೇಗಾ ಕಡೆಯವಳು, ಎಲಾದಿಯೋ ಇಲ್ಲಿಯವನು, ಕೋಸ್ಟರಿಕಾದವನು. ಅವಳಿಗಿಂತ ಹದಿನೇಳು ವರ್ಷ ದೊಡ್ಡವನು, ಹೆಂಡತಿ ಸತ್ತವನು. ಆರು ವರ್ಷ ಹಾಗೇ ಒಟ್ಟಿಗೆ ಬಾಳಿ, ಮೂರು ವರ್ಷದ ಹಿಂದೆ ವಕೀಲರ ಮುಂದೆ ಸಹಿ ಹಾಕಿ ಮದುವೆಯಾಗಿದ್ದರು. ಮದುವೆಯ ಮೇಲೆ ಸಿಕ್ಕ ತಾತ್ಕಾಲಿಕ ವಾಸದ ಕಾರ್ಡು ಇನ್ನೇನು ಮುಗಿಯುವುದರಲ್ಲಿತ್ತು. ಈಗ ಕಾಯಂ ಕಾರ್ಡು ಸಿಗಬೇಕು, ಇಲ್ಲವಾದರೆ ಇದ್ದದ್ದೂ ಹೋಗುತ್ತದೆ. ಕಾಗದಕ್ಕಾಗಿ ಆದ ಮದುವೆ ಇದು ಎಂದು ಅವರು ತೀರ್ಮಾನಿಸಿಬಿಟ್ಟರೆ ಅವಳು ಗಡಿಯ ಆಚೆ, ಅವನು ಈಚೆ. ಅಲ್ಲಿ ಅವಳಿಗೆ ಈಗ ಯಾರಿದ್ದಾರೆ? ತಾಯಿ ಹೋಗಿಯಾಯಿತು. ಅಣ್ಣನ ಮನೆಯ ಮೂಲೆಯಲ್ಲಿ ಅತ್ತಿಗೆಯ ಮುಖ ನೋಡುತ್ತ ಬಿದ್ದಿರಬೇಕು. ಇಲ್ಲಿ ಎಲಾದಿಯೋ ಬ್ರೆಡ್ಡಿನ ಚೀಲ ಹಿಡಿದು ಗುಡ್ಡ ಹತ್ತಿ ಬಂದರೆ ಒಲೆ ತಣ್ಣಗಿರುತ್ತದೆ, ಹಾಸಿಗೆ ತಣ್ಣಗಿರುತ್ತದೆ. ಅದನ್ನು ನೆನೆದಾಗಲೆಲ್ಲ ಅವಳಿಗೆ ಅಳು ಬರುತ್ತಿತ್ತು.

ಮಾರನೆಯ ದಿನದಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಅವನ ಚಪ್ಪಲಿಯ ಪಕ್ಕಕ್ಕೆ ತನ್ನ ಚಪ್ಪಲಿ ಜೋಡಿಸಿಟ್ಟಳು. ವಕೀಲರ ಕೋಣೆಯಲ್ಲಿ ತೆಗೆದ ಮದುವೆಯ ಫೋಟೋವನ್ನು ಬಾಗಿಲು ತೆರೆದರೆ ಮೊದಲು ಕಾಣುವ ಗೋಡೆಗೆ ತಗುಲಿಸಿದಳು. ಮಾರಲೆಂದು ಬಾಳೆಎಲೆಯಲ್ಲಿ ಮೆಕ್ಕೆಜೋಳದ ಹಿಟ್ಟು, ಮಾಂಸದ ನಕತಮಾಲ್ ಕಡುಬು ಕಟ್ಟುವಾಗ, ಮೆಕ್ಯಾನಿಕ್ ಶೆಡ್ಡಿನ ಹುಡುಗರ ಬುತ್ತಿಗೆ ಅನ್ನ ಕಾಳು ಕಲಸುವಾಗ ಕಿವಿಯೆಲ್ಲ ಬೀದಿಯ ಕಡೆಗೇ. ಹೊರಗೆ ಯಾರದೋ ಹೆಜ್ಜೆ ಸಪ್ಪಳವಾದರೂ ಬಾಗಿಲಿಗೆ ಓಡುತ್ತಿದ್ದಳು. ಬುತ್ತಿಗೆ ಉಪ್ಪು ಎರಡು ಸಲ ಬಿದ್ದು ಶೆಡ್ಡಿನ ಹುಡುಗರು ರೇಗಿಸಿದರು.

ಇಷ್ಟೆಲ್ಲ ಒದ್ದಾಡಿದವಳು ಒಂದು ತಪ್ಪು ಮಾಡಿದಳು, ಮುಲಾಜಿಲ್ಲದೆ ಹೇಳಬೇಕು. ಅರ್ಜಿಯ ವಿಷಯವನ್ನು ಗುಡ್ಡದಲ್ಲಿ ಯಾರಿಗೂ ಹೇಳಲಿಲ್ಲ. ಒಳ್ಳೆಯದು ಕೈಗೆ ಬರುವ ಮೊದಲು ಬಾಯಿ ಬಿಟ್ಟರೆ ದೃಷ್ಟಿ ತಾಗಿ ಕೆಟ್ಟುಹೋಗುತ್ತದೆ ಎಂದು ಅವಳ ಕಡೆಯವರೂ ನಂಬುತ್ತಾರೆ, ಇವನ ಕಡೆಯವರೂ ನಂಬುತ್ತಾರೆ. ಹಾಗಾಗಿ ಎಲ್ಲರೂ ಗೌರವದಿಂದ ದೊನ್ಯಾ ಎಂದು ಕರೆಯುವ ಮೂಲೆಯಂಗಡಿಯ ಯಜಮಾನಿ ಎರ್ಮಿನಿಯಾಗೂ ಹೇಳಲಿಲ್ಲ. ಬೇರೆ ಯಾರಿಗೆ ಹೇಳದಿದ್ದರೂ ಆಯಮ್ಮನಿಗೆ ಹೇಳಬೇಕಿತ್ತು.

ಯಾಕೆಂದರೆ ಆ ಗುಡ್ಡದ ಮೇಲೆ ಮನೆಗಳಿಗೆ ನಂಬರಿಲ್ಲ, ಬೀದಿಗಳಿಗೆ ಹೆಸರಿಲ್ಲ. ಅರ್ಜಿಯಲ್ಲಿ ಎಲಾದಿಯೋ ಬರೆಸಿದ್ದ ವಿಳಾಸ ಇದು: ಹಳೆಯ ಅತ್ತಿಮರ ಇದ್ದ ಜಾಗದಿಂದ ಇನ್ನೂರು ಮೀಟರ್ ಮೇಲಕ್ಕೆ, ಬಲಕ್ಕೆ ಐವತ್ತು, ಹಸಿರು ಗೇಟು. ಅತ್ತಿಮರವನ್ನು ಕಡಿದು ಯಾವ ಕಾಲವಾಯಿತೋ, ಅಸುಸೆನಾ ಅದನ್ನು ಕಣ್ಣಲ್ಲೂ ಕಂಡಿಲ್ಲ. ಗೇಟಿಗೆ ನೀಲಿ ಬಣ್ಣ ಬಳಿದೂ ವರ್ಷವಾಗಿತ್ತು. ಆದರೂ ಎಲ್ಲರೂ ವಿಳಾಸ ಹೇಳುವುದು ಹಾಗೇ, ಕಾಗದಪತ್ರ ತಲುಪುವುದೂ ಹಾಗೇ. ಹೊಸಬರು ಬಂದರೆ ಮೂಲೆಯಂಗಡಿಯಲ್ಲಿ ಕೇಳದೆ ಯಾವ ಮನೆಯನ್ನೂ ಹುಡುಕಲಾರರು.

ಆ ಅಂಗಡಿಯ ಕಬ್ಬಿಣದ ಸರಳುಗಳ ಹಿಂದೆ ದೊನ್ಯಾ ಎರ್ಮಿನಿಯಾ ಕೂತಿರುತ್ತಾಳೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಂಕುಳಲ್ಲಿ ಫೈಲು ಇಟ್ಟುಕೊಂಡು ಯಾರೇ ಬರಲಿ, ಆಯಮ್ಮ ಹೇಳುವುದು ಒಂದೇ ಮಾತು: ಆ ಹೆಸರಿನವರು ಇಲ್ಲಿ ಯಾರೂ ಇಲ್ಲ. ಅಸುಸೆನಾ ಹೊಸದಾಗಿ ಬಂದು ಕೈಯಲ್ಲಿ ಒಂದು ಕಾಗದವೂ ಇಲ್ಲದಿದ್ದ ದಿನಗಳಲ್ಲಿ ಒಮ್ಮೆ ವಲಸೆ ಕಚೇರಿಯ ವ್ಯಾನು ಬಂದಿತ್ತು. ದೊನ್ಯಾ ಅವಳನ್ನು ದರದರ ಎಳೆದುಕೊಂಡು ಹೋಗಿ ಅಕ್ಕಿ ಮೂಟೆಗಳ ಹಿಂದೆ ನೂಕಿ, ಹೊರಗೆ ಬಂದು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತ ಇದೇ ಮಾತು ಹೇಳಿ ವ್ಯಾನನ್ನು ವಾಪಸ್ಸು ಕಳಿಸಿದ್ದಳು. ಅಂದಿನಿಂದ ಅಸುಸೆನಾಳಿಗೆ ಆಯಮ್ಮ ಹೆತ್ತ ತಾಯಿಗಿಂತ ಹೆಚ್ಚು. ಈ ಗುಡ್ಡದಿಂದ ಇವತ್ತಿನವರೆಗೂ ಒಬ್ಬರನ್ನೂ ಹಿಡಿದುಕೊಂಡು ಹೋಗಿಲ್ಲ ಎಂದು ದೊನ್ಯಾ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅಸುಸೆನಾ ಈರುಳ್ಳಿ ಕೊಳ್ಳಲು ಹೋದಾಗ ದೊನ್ಯಾಳ ಮುಖ ಅರಳಿತ್ತು.

"ಬಾ ಮಗಳೇ ಬಾ. ಇವತ್ತು ಮತ್ತೆ ನಿನ್ನ ಉಳಿಸಿದೀನಿ, ಒಂದು ನಕತಮಾಲ್ ಹೆಚ್ಚಿಗೆ ಕೊಡಬೇಕು ನೋಡು."

"ಏನಾಯ್ತು ದೊನ್ಯಾ?"

"ಬಂದಿದ್ದ ಒಬ್ಬ, ಫೈಲು ಹಿಡ್ಕೊಂಡು. ಅಸುಸೆನಾ ಅನ್ನೋರ ಮನೆ ಎಲ್ಲಿ ಅಂತ. ಅಂಥೋರು ಯಾರೂ ಇಲ್ಲ ಅಂದೆ. ಎಲಾದಿಯೋ ಅಂದ್ರೆ ಗೊತ್ತಾ ಅಂದ. ಗೊತ್ತಪ್ಪಾ, ಪಾಪ ಹೆಂಡ್ತಿ ಸತ್ತೋನು, ಒಬ್ನೇ ಇದಾನೆ, ತಾನೇ ಬೇಯಿಸ್ಕೊಂಡು ತಿಂತಾನೆ, ಆ ಮನೆಗೆ ಒಂದು ಹೆಣ್ಣು ನೊಣ ಕೂಡ ಹೋಗಲ್ಲ ಅಂದೆ." ದೊನ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬರ್ಕೊಂಡು ಹೋದ ಮುಟ್ಠಾಳ."

ಅಸುಸೆನಾಳ ಕೈಯಿಂದ ಈರುಳ್ಳಿ ಚೀಲ ಜಾರಿತು. ಅವಳು ಕಟ್ಟೆಯ ಮೇಲೆ ಕುಸಿದಳು. ಏನಾಯಿತು, ನೀರು ಕೊಡಲಾ ಎಂದು ದೊನ್ಯಾ ಗಾಬರಿಯಾದಳು. ಇವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೈಯೋಣವೆಂದರೆ ಯಾವ ಬಾಯಿಂದ ಬೈಯುವುದು? ಅದೇ ಮಾತು ಅವಳನ್ನು ಒಮ್ಮೆ ಉಳಿಸಿತ್ತು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ದೊನ್ಯಾಳ ಬೀಸಣಿಗೆ ನಿಂತಿತು.

"ನನಗೆ ಯಾಕೆ ಹೇಳ್ಲಿಲ್ಲ ನೀನು?" ಎಂದು ಕೊನೆಗೆ ಅವಳು ಕೇಳಿದಳು.

"ಕೆಟ್ಟುಹೋಗುತ್ತೆ ಅಂತ," ಅಂದಳು ಅಸುಸೆನಾ.

ಮಾರನೆಯ ಬೆಳಗ್ಗೆ ಗಂಡ ಹೆಂಡತಿ ಕಚೇರಿಗೆ ಓಡಿದರು. ಎಲಾದಿಯೋ ತೋಳಿಗೆ ಮೆತ್ತಿದ್ದ ಹಿಟ್ಟನ್ನೂ ತೊಳೆದುಕೊಂಡಿರಲಿಲ್ಲ. ಬೆರ್ಮೂದೆಸ್ ತಾಳ್ಮೆಯಿಂದಲೇ ಕೇಳಿಸಿಕೊಂಡ.

"ನಿಮ್ಮ ಅಕ್ಕಪಕ್ಕದವರೇ ಅವನು ಒಬ್ಬನೇ ಇದಾನೆ ಅಂದಿದಾರೆ. ಮಂಚದ ವಿಷಯದಲ್ಲೂ ನಿಮ್ಮಿಬ್ಬರ ಮಾತು ಹೊಂದಲ್ಲ. ನೀವೇ ನನ್ನ ಜಾಗದಲ್ಲಿದ್ರೆ ಏನ್ ಬರೀತಿದ್ರಿ?"

"ಆಯಮ್ಮ ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳಿದ್ದು ಸರ್."

"ಹಂಗಾದ್ರೆ ಅವರೇ ಬಂದು ಹೇಳಲಿ. ಗುರುತಿನ ಚೀಟಿ ತರಲಿ, ಹೇಳಿಕೆ ಬರ್ಕೋತೀನಿ. ಇಲ್ಲಾಂದ್ರೆ ನಾನು ಇನ್ನೊಂದು ಸಲ ಬಂದು ನೋಡಬೇಕಾಗುತ್ತೆ. ಅದೇ ಕೊನೆ."

ಇಷ್ಟೇ ತಾನೆ ಎಂದುಕೊಂಡು ಅವಳು ಸ್ವಲ್ಪ ಧೈರ್ಯದಿಂದಲೇ ಗುಡ್ಡ ಹತ್ತಿದಳು. ದೊನ್ಯಾ ಸಕ್ಕರೆ ಪೊಟ್ಟಣ ಕಟ್ಟುತ್ತಿದ್ದಳು. ವಿಷಯ ಕೇಳಿ ತಲೆ ಎತ್ತಲಿಲ್ಲ.

"ಅಂಗಡಿ ಯಾರು ನೋಡ್ಕೋತಾರೆ?"

"ಎಲಾದಿಯೋ ಕೂರ್ತಾನೆ."

"ಅವನು ನಿದ್ದೆ ಹೊಡೀತಾನೆ. ಯಾರೋ ಅಂಗಡೀನೇ ಹೊತ್ಕೊಂಡು ಹೋಗ್ತಾರೆ."

"ಒಂದಿನ ಮುಚ್ಚಿ."

"ಮೊಣಕಾಲು ನೋವು ಮಗಳೇ. ಬಸ್ಸು ಹತ್ತೋಕಾಗಲ್ಲ."

ಹೆದರಿದವಳಿಗೆ ಸಿಟ್ಟು ಬೇಗ ಬರುತ್ತದೆ. ಇಷ್ಟು ದಿನ ತಡೆದುಕೊಂಡಿದ್ದೆಲ್ಲ ಅಸುಸೆನಾಳ ಬಾಯಿಂದ ಒಮ್ಮೆಗೇ ಹೊರಬಂತು. "ಸುಳ್ಳು ಹೇಳೋಕೆ ನಾಲಿಗೆ ಇತ್ತು, ನಿಜ ಹೇಳು ಅಂದ್ರೆ ಮೊಣಕಾಲು ನೋವು ಬಂತಾ? ನನ್ನ ಮನೆ ಹಾಳಾಗ್ತಿದೆ ದೊನ್ಯಾ. ನೀವೇ ಹಾಳು ಮಾಡಿದ್ದು. ಒಂದು ಬೆಳಗ್ಗೆ ಬಂದು ಹೋಗೋಕೆ ನಿಮಗೇನು ಕಷ್ಟ? ನಿಮ್ಮ ಜೇಬಲ್ಲಿ ಚೀಟಿ ಇದೆ, ನಿಮ್ಮನ್ನ ಯಾರೂ ಓಡಿಸಲ್ಲ. ಇಲ್ಲಿ ಹುಟ್ಟಿದೋರಿಗೆ ನಮ್ಮ ಕಷ್ಟ ಹೆಂಗೆ ಗೊತ್ತಾಗಬೇಕು."

ದೊನ್ಯಾ ಎದ್ದು ಸರಳಿನ ಬಾಗಿಲು ಎಳೆದುಕೊಂಡಳು. ಒಳಗೆ ಬಾ ಎಂದು ಸನ್ನೆ ಮಾಡಿದಳು. ಅಕ್ಕಿ ಮೂಟೆಗಳ ಹಿಂದೆ ಇಬ್ಬರೂ ನಿಂತರು.

"ನನ್ನ ಹತ್ರ ಚೀಟಿ ಇಲ್ಲ."

"ಕಳೆದುಹೋಯ್ತಾ?"

"ಇದ್ರೆ ತಾನೆ ಕಳೆಯೋಕೆ. ನಾನು ಸೊಮೊಟಿಯೋದವಳು ಕಣೇ, ನಿಮ್ಮೂರಿನ ಪಕ್ಕದವಳು. ಯುದ್ಧದ ಕಾಲದಲ್ಲಿ ನದಿ ದಾಟಿ ಬಂದೆ. ಉಲೀಸೆಸ್ ಸಿಕ್ಕಿದ, ಇಟ್ಕೊಂಡ. ಮದುವೆ ನಾಳೆ ಮಾಡ್ಕೊಳ್ಳೋಣ, ನಾಳಿದ್ದು ಮಾಡ್ಕೊಳ್ಳೋಣ ಅಂತಿದ್ದ. ಸತ್ತೇ ಹೋದ. ಅಂಗಡಿ ಇನ್ನೂ ಅವನ ಹೆಸರಲ್ಲೇ ಇದೆ. ನಲವತ್ತು ವರ್ಷ ಬಾಳಿದೀನಿ ಅಂತ ಹೇಳೋಕೆ ನನಗೆ ಕಾಗದಾನೂ ಇಲ್ಲ, ಗಂಡಾನೂ ಇಲ್ಲ. ಆ ಕಚೇರಿ ಬಾಗಿಲು ಯಾವ ಕಡೆ ಇದೆ ಅಂತ ಕೂಡ ನಾನು ನೋಡಿಲ್ಲ."

ಮಾತಾಡುತ್ತಿದ್ದಂತೆ ದೊನ್ಯಾಳ ದನಿ ಬದಲಾಯಿತು. ಇಷ್ಟು ವರ್ಷ ಅಪ್ಪಟ ಇಲ್ಲಿಯವಳ ಹಾಗೆ ಮಾತಾಡುತ್ತಿದ್ದವಳ ಬಾಯಿಂದ ಚಿನಾಂದೇಗಾದ ಸಂತೆಯ ಮಾತು ಹೊರಡುತ್ತಿತ್ತು. ಅಸುಸೆನಾಳಿಗೆ ತನ್ನ ತಾಯಿಯೇ ಎದುರು ನಿಂತು ಮಾತಾಡಿದಂತಾಯಿತು. ಆಡಿದ ಮಾತಿಗೆ ನಾಚಿಕೆಯಾಗಿ ಅವಳು ದೊನ್ಯಾಳ ಎರಡೂ ಕೈ ಹಿಡಿದುಕೊಂಡಳು.

"ನೀವು ಬರೋದು ಬೇಡ," ಅಂದಳು ಆಮೇಲೆ. "ಯಾರಿಗೂ ಹೇಳಲ್ಲ ನಾನು."

ಎಲಾದಿಯೋಗೆ ಮಾತ್ರ ಹೇಳಿದಳು. ಅವನು ಕಾಫಿ ಲೋಟವನ್ನು ತಿರುಗಿಸುತ್ತ ಕೂತು, "ನನ್ನನ್ನೂ ಚಿನಾಂದೇಗಾಗೆ ಕರ್ಕೊಂಡು ಹೋಗು. ಅಲ್ಲೂ ಬ್ರೆಡ್ ತಿಂತಾರೆ," ಅಂದ. ತಮಾಷೆಗೆ ಅಂದದ್ದು. ಆದರೆ ಅವನ ಕಣ್ಣು ಒದ್ದೆಯಾಗಿತ್ತು. ಅರವತ್ತರ ಹತ್ತಿರ ಬಂದವನು ಹೊಸ ದೇಶದಲ್ಲಿ ಯಾವ ಒಲೆಯ ಮುಂದೆ ನಿಲ್ಲುತ್ತಾನೆ ಎಂದು ಯೋಚಿಸಿ ಅವಳು ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಮತ್ತೆ ಕಾಯುವುದು ಶುರುವಾಯಿತು. ಈ ಸಲ ಅವಳು ಚಪ್ಪಲಿ ಜೋಡಿಸಲಿಲ್ಲ, ಫೋಟೋ ಒರೆಸಲಿಲ್ಲ. ಅಧಿಕಾರಿ ಬಂದರೂ ಅಂಗಡಿಯ ಹತ್ತಿರವೇ ಬರುತ್ತಾನೆ, ದೊನ್ಯಾ ಹೆದರಿ ಬಾಗಿಲೆಳೆದುಕೊಂಡಿರುತ್ತಾಳೆ, ಅವನು ಇಲ್ಲದ ಅತ್ತಿಮರವನ್ನು ಹುಡುಕಿ ಸುಸ್ತಾಗಿ ಇಳಿದುಹೋಗುತ್ತಾನೆ. ಹೀಗೇ ಆಗುವುದು ಎಂದು ಅವಳು ನಿಶ್ಚಯಿಸಿಕೊಂಡಿದ್ದಳು. ಅಂಗಡಿಯ ಮುಂದೆ ಹಾಯುವಾಗ ದೊನ್ಯಾಳೂ ಕಣ್ಣು ತಪ್ಪಿಸುತ್ತಿದ್ದಳು, ಇವಳೂ ಕಣ್ಣು ತಪ್ಪಿಸುತ್ತಿದ್ದಳು.

ಒಂದು ದಿನ ಬೆಳಗ್ಗೆ ಅವಳು ಬಾಳೆಎಲೆ ಬಾಡಿಸುತ್ತಿದ್ದಾಗ ಗೇಟಿನ ಹತ್ತಿರ ಜೋರು ದನಿ ಕೇಳಿಸಿತು.

"ಅಸುಸೆನಾ, ಬಾಗಿಲು ತೆಗಿಯೇ. ನಾನೇ ಕರ್ಕೊಂಡು ಬಂದಿದೀನಿ."

ಓಡಿಹೋಗಿ ಬಾಗಿಲು ತೆರೆದಳು. ದೊನ್ಯಾ ಎರ್ಮಿನಿಯಾ ಏದುಸಿರು ಬಿಡುತ್ತ ನಿಂತಿದ್ದಳು, ಹಿಂದೆ ಫೈಲು ಹಿಡಿದ ಬೆರ್ಮೂದೆಸ್. ಅವನನ್ನು ನೋಡಿ ಹೆದರಬೇಕಿತ್ತು, ನಮಸ್ಕಾರ ಹೇಳಬೇಕಿತ್ತು, ಎರಡೂ ಆಗಲಿಲ್ಲ. ಒಂಬತ್ತು ವರ್ಷದ ಅಭ್ಯಾಸ ಮೊದಲು ಬಾಯಿಗೆ ಬಂತು. ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ, ಮಲಗಿದಾನೆ," ಎಂದು ಪಿಸುಗುಟ್ಟಿದಳು.

ಅಧಿಕಾರಿ ಕಾಲಿನ ಸದ್ದಾಗದಂತೆ ಒಳಗೆ ಬಂದ. "ಮಲಗೋ ಕೋಣೆ ನೋಡಬಹುದಾ?" ಎಂದು ಅವನೂ ಪಿಸುದನಿಯಲ್ಲೇ ಕೇಳಿದ.

ಬೆಳಕು ಬರದಂತೆ ಮೈದಾ ಚೀಲಗಳನ್ನು ಹೊಲಿದು ಮಾಡಿದ ಪರದೆ, ಅದರ ಕೆಳಗೆ ಕಿಟಕಿಯ ಮಗ್ಗುಲಲ್ಲಿ ಎಲಾದಿಯೋ ಗೊರಕೆ ಹೊಡೆಯುತ್ತಿದ್ದ. ಅವನ ದಿಂಬಿನ ಅಂಚಿನಲ್ಲಿ ಅವಳ ತಲೆಪಿನ್ನುಗಳು ಸಿಕ್ಕಿಕೊಂಡಿದ್ದವು. ಮಂಚದ ಇನ್ನೊಂದು ಅರ್ಧದ ಮೇಲೆ ಒಗೆದ ಬಟ್ಟೆಯ ರಾಶಿ, ಕೊಡೆ, ಕೆಟ್ಟ ಫ್ಯಾನು, ಅವಳ ಮಳೆಕೋಟು.

"ಈ ಕಡೆ ಯಾರೂ ಮಲಗಲ್ವಾ?"

"ಯಾರು ಮಲಗ್ತಾರೆ ಸರ್, ಅಲ್ಲಿ ಗಾಳಿ ಬರಲ್ಲ. ರಾತ್ರಿ ನಾನು ಕಿಟಕಿ ಕಡೆ, ಹಗಲು ಅವನು ಕಿಟಕಿ ಕಡೆ."

ಬೆರ್ಮೂದೆಸ್ ಆ ಬಟ್ಟೆಯ ರಾಶಿಯನ್ನೇ ನೋಡುತ್ತ ನಿಂತ. ಮುಖದಲ್ಲಿ ಏನೂ ತೋರಿಸಲಿಲ್ಲ. ಅಡುಗೆಮನೆಗೆ ಬಂದು ಮೇಜಿನ ಮೇಲೆ ಫೈಲು ಬಿಚ್ಚಿ ಬರೆಯತೊಡಗಿದ. ಆಮೇಲೆ ದೊನ್ಯಾಳ ಕಡೆ ತಿರುಗಿದ.

"ಹೋದ ಸಲ ನನಗೆ ಬೇರೆ ಹೇಳಿದ್ರಲ್ಲ ಅಮ್ಮ."

"ಸುಳ್ಳು ಹೇಳಿದ್ದೆ. ಇವಳು ಅವನ ಹೆಂಡ್ತಿ. ಒಂಬತ್ತು ವರ್ಷದಿಂದ ದಿನಾ ಬೆಳಗ್ಗೆ ಅವನು ಮಲಗಿದ ಮೇಲೆ ನನ್ನಂಗಡಿಗೆ ಬರ್ತಾಳೆ, ಅವನು ಎದ್ದಿರ್ತಾನೆ ಅಂತ ಓಡ್ತಾಳೆ. ಈ ಮನೇಲಿ ಹಗಲು ಹೊತ್ತು ಯಾರೂ ಗಟ್ಟಿಯಾಗಿ ಮಾತಾಡಿದ್ದನ್ನ ನಾನು ಕೇಳಿಲ್ಲ."

"ನಿಮ್ಮ ಹೆಸರು?"

"ಎರ್ಮಿನಿಯಾ ದೆಲ್ ಸೊಕೋರೋ ಪಿನೇದಾ."

"ಚೀಟಿ ನಂಬರು?"

ಅಸುಸೆನಾ ದೊನ್ಯಾಳ ಕಡೆ ತಿರುಗಿದಳು. ಇಷ್ಟು ಹೊತ್ತು ತನಗಾಗಿ ಹೆದರಿದ್ದಳು, ಈಗ ಹೆದರಿಕೆ ದೊನ್ಯಾಳ ಮೇಲೆ ಹೋಗಿ ಕೂತಿತು. ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡಳು. ದೊನ್ಯಾ ಅವಳ ಕಡೆ ನೋಡಲೇ ಇಲ್ಲ.

"ನಂಬರಿಲ್ಲ ಮಗಾ. ನನ್ನ ಹತ್ರ ಯಾವ ಚೀಟೀನೂ ಇಲ್ಲ."

ಅಧಿಕಾರಿಯ ಪೆನ್ನು ಕಾಗದದ ಮೇಲೆ ನಿಂತಿತು. ಒಳಗಿನ ಗೊರಕೆಯೊಂದೇ ಕೇಳಿಸುತ್ತಿತ್ತು. ಅಸುಸೆನಾ ಏನೂ ತೋಚದೆ ಬಟ್ಟೆ ಚೀಲದಲ್ಲಿ ಸೋಸಿದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ ಅವನ ಮುಂದಿಟ್ಟಳು, ಅರ್ಧ ಮೇಜಿನ ಮೇಲೆ ಚೆಲ್ಲಿತು. ಬೆರ್ಮೂದೆಸ್ ಫೈಲನ್ನು ಪಕ್ಕಕ್ಕೆ ಸರಿಸಿ ಕಾಫಿ ಕುಡಿದ. ಪೂರ್ತಿ ಕುಡಿದ ಮೇಲೆ ಎದ್ದ.

"ನಾನಿವತ್ತು ಬಂದಿದ್ದು ಒಂದು ಮದುವೆ ವಿಷಯಕ್ಕೆ. ಅದನ್ನ ನೋಡಿದೀನಿ. ಬೇರೆ ಏನನ್ನೂ ಕೇಳೋಕೆ ಬಂದಿಲ್ಲ," ಎಂದು ಪಿಸುದನಿಯಲ್ಲೇ ಹೇಳಿದ. ಬಾಗಿಲ ಹತ್ತಿರ ನಿಂತು, "ಅಮ್ಮ, ನಿಮ್ಮಂಥೋರಿಗೂ ದಾರಿ ಇದೆ. ಒಬ್ಬರು ವಕೀಲರನ್ನ ಕೇಳಿ," ಅಂದು ಗುಡ್ಡ ಇಳಿದ.

ಎಲಾದಿಯೋ ಎದ್ದು ಬಂದಾಗ ಇಬ್ಬರು ಹೆಂಗಸರೂ ಅಡುಗೆಮನೆಯ ನೆಲದ ಮೇಲೆ ಕೂತು ಅಳುತ್ತಿದ್ದರು. ಎದೆ ಒಡೆದವನಂತೆ ನಿಂತು, "ಬಂದು ಹೋದ್ರಾ? ನನ್ನನ್ಯಾಕೆ ಎಬ್ಬಿಸ್ಲಿಲ್ಲ?" ಎಂದು ಕೇಳಿದ. ಅವನ ಮುಖ ನೋಡಿ ದೊನ್ಯಾಳಿಗೆ ಅಳುವಿನ ನಡುವೆಯೇ ನಗು ಬಂತು.

ಕಾರ್ಡು ಬರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಅದರಲ್ಲಿನ ಫೋಟೋದಲ್ಲಿ ಅಸುಸೆನಾ ಕಳ್ಳಿಯ ಹಾಗೆ ಕಾಣುತ್ತಿದ್ದಾಳೆ ಎಂದು ಎಲಾದಿಯೋ ರೇಗಿಸಿದ. ಅವಳು ಕಾರ್ಡನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ನೇರ ಅಂಗಡಿಗೆ ಹೋದಳು. ಈ ಸಲ ದೊನ್ಯಾ ಮೊಣಕಾಲು ನೋವಿನ ಮಾತೆತ್ತಿದರೂ ಬಿಡಲಿಲ್ಲ. ದೊನ್ಯಾಳ ಹೆಸರಲ್ಲಿ ಅರ್ಜಿ ತುಂಬಿಸಿದ್ದು, ವಕೀಲೆಯ ಹತ್ತಿರ ಅಲೆದದ್ದು, ಗುಡ್ಡದವರು ಸಾಕ್ಷಿಗೆ ನಾನು ತಾನೆಂದು ಮುಂದೆ ಬಂದದ್ದು ಎಲ್ಲ ಆಯಿತು. ಅದು ಸುಲಭವೂ ಅಲ್ಲ, ಖಾತ್ರಿಯೂ ಅಲ್ಲ ಎಂದು ವಕೀಲೆ ಮೊದಲೇ ಹೇಳಿದ್ದಳು.

ವಿಚಾರಣೆಯ ದಿನ ಕಚೇರಿಯ ಬೆಂಚಿನಲ್ಲಿ ಮೂವರೂ ಸಾಲಾಗಿ ಕೂತರು. ಎಲಾದಿಯೋ ತೂಕಡಿಸುತ್ತಿದ್ದ. ದೊನ್ಯಾ ಚರ್ಚಿಗೆ ಹೋಗುವಾಗ ಹಾಕುವ ಕಪ್ಪು ಬಟ್ಟೆ ತೊಟ್ಟು, ಬೀಸಣಿಗೆ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಫೈಲು ಹಿಡಿದು ಒಳಗಿನಿಂದ ಹೊರಗೆ ಬಂದ.

"ಎರ್ಮಿನಿಯಾ ದೆಲ್ ಸೊಕೋರೋ ಪಿನೇದಾ ಯಾರು?"

ದೊನ್ಯಾ ಅಂಗಿ ನೋಡಿದಳು, ಫೈಲು ನೋಡಿದಳು. ಬೀಸಣಿಗೆ ತಾನಾಗಿಯೇ ಆಡತೊಡಗಿತು.

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲ," ಅಂದಳು.

ಅಸುಸೆನಾ ಅವಳ ಮುಂಗೈ ಹಿಡಿದು ಎಬ್ಬಿಸಿ ನಿಲ್ಲಿಸಿದಳು. ಇನ್ನೊಂದು ಕೈಯಲ್ಲಿ ತನ್ನ ಕಾರ್ಡು ತೆಗೆದು ಅವನಿಗೆ ತೋರಿಸಿದಳು. ಆ ಕಚೇರಿಯಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿ ಎದ್ದದ್ದು ಅದೇ ಮೊದಲು.

"ಇದಾರೆ ಸರ್. ಇಲ್ಲೇ ಇದಾರೆ."